ನಾನು ಸರಿಮಾಡಿದ ಹನ್ನೊಂದು ಸ್ವರಗಳು

ಪಿಯಾನೊ ಶ್ರುತಿ ಮಾಡುವ ಕೆಲಸ ಕಲಿಯುತ್ತೇನೆ ಎಂದು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಅವರ ಕಿವಿ ಪರೀಕ್ಷೆ ಮಾಡುವುದಿಲ್ಲ. ನಿನಗೆ ನಿದ್ದೆ ಚೆನ್ನಾಗಿ ಬರ್ತದಾ ಎಂದು ಕೇಳುತ್ತೇನೆ. ಬರ್ತದೆ ಅಂದರೆ, ಇನ್ನು ಬರ್ಲಿಕ್ಕಿಲ್ಲ ಮಾರಾಯಾ, ಯೋಚನೆ ಮಾಡು ಅನ್ನುತ್ತೇನೆ. ತಮಾಷೆ ಅಲ್ಲ. ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಾದ ಒಂದು ವಾದ್ಯ ರಿಪೇರಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ ದುಡಿದೆ. ನಿವೃತ್ತನಾಗಿ ಎರಡು ವರ್ಷ ಆಯ್ತು. ಆದರೂ ಬೆಳಗ್ಗೆ ಕಾಫಿ ಕುಡಿಯುವಾಗ, ಯಾರದೋ ಮನೆಯ ಪಿಯಾನೊದಲ್ಲಿ ನಾನು ಬಿಗಿದ ತಂತಿ ಈಗ ಕಡಿದಿರಬಹುದಾ ಎಂದು ಲೋಟ ಕೆಳಗಿಟ್ಟು ಕೂರುತ್ತೇನೆ. ನನ್ನ ಹೆಂಡತಿ ಲೀನಾ, "ನಿಮ್ಮದು ಹೆದರಿಕೆ ಅಲ್ಲ, ಚಟ" ಅನ್ನುತ್ತಾಳೆ. ಇರಬಹುದು.

ನನ್ನ ಹೆಸರು ವಿಕ್ಟರ್. ಮಂಗಳೂರಿನಲ್ಲಿ ನಮ್ಮ ಇಗರ್ಜಿಯ ಹಾರ್ಮೋನಿಯಂ ಬಿಚ್ಚಿ ಜೋಡಿಸುತ್ತ ಈ ವಿದ್ಯೆ ಕಲಿತೆ. ಇಲ್ಲಿಗೆ ಬಂದಾಗ ನನಗೆ ಕೆಲಸ ಕೊಟ್ಟವರು ಮೇಡಂ ಚುವಾ. ಗಿಡ್ಡ ಹೆಂಗಸು, ಕನ್ನಡಕಕ್ಕೆ ದಾರ. ಜನ್ಮದಲ್ಲಿ ಒಮ್ಮೆಯೂ ಬೊಬ್ಬೆ ಹೊಡೆದವರಲ್ಲ. ಬೊಬ್ಬೆ ಹೊಡೆಯುವ ಧಣಿಯನ್ನು ಹೇಗಾದರೂ ಸಹಿಸಬಹುದು. ಸುಮ್ಮನೆ ನೋಡುವ ಧಣಿಯ ಕೆಳಗೆ ದುಡಿದವರಿಗೇ ಗೊತ್ತು ಆ ಸಂಕಟ.

ಸೇರಿದ ಮೊದಲ ವರ್ಷವೇ ಅವರು ಹಾಗೆ ನೋಡುವಂತೆ ಮಾಡಿದೆ. ಅಂಗಡಿಯಿಂದ ಐದು ಗಂಟೆ ದಾರಿ, ಸಮುದ್ರದ ಬದಿಯ ಬಯಾನ್ ಲೆಪಾಸ್‌ನ ಒಂದು ಕಾಂಡೊ, ಚಿಪ್ ಫ್ಯಾಕ್ಟರಿಯ ಎಂಜಿನಿಯರ್ ಒಬ್ಬರ ಮನೆ. ಮರುದಿನ ಅವರ ಮಗಳಿಗೆ ಪಿಯಾನೊ ಪರೀಕ್ಷೆ. ಸಮುದ್ರದ ಗಾಳಿಗೆ ತಂತಿಗಳು ತುಕ್ಕು ಹಿಡಿದು, ಇಡೀ ಪಿಯಾನೊ ಕೆಳಗೆ ಇಳಿದಿತ್ತು. ಎಷ್ಟು ಇಳಿದಿದೆ ಎಂದು ನೋಡುವ ತಾಳ್ಮೆ ನನಗಿರಲಿಲ್ಲ. ಒಂದೇ ಸಲಕ್ಕೆ ಮೇಲೆ ಎಳೆದೆ. ಠಣ್ ಎಂದು ಮೂರು ತಂತಿ ಒಂದರ ಹಿಂದೆ ಒಂದು ಹೋದವು. ಆ ಹುಡುಗಿ ಅಳಲಿಲ್ಲ, ತಂದೆ ಬೈಯಲಿಲ್ಲ. ತಾಯಿ ಚಹಾ ತಂದು ಕೈಗೆ ಕೊಟ್ಟರು.

ಫೋನಿನಲ್ಲಿ ಮೇಡಂ ಚುವಾ ಕೇಳಿದ್ದು ಒಂದೇ ಪ್ರಶ್ನೆ: "ನೀನು ಮುಟ್ಟುವ ಮೊದಲು ಅದು ಎಷ್ಟು ಇಳಿದಿತ್ತು?" ಗೊತ್ತಿಲ್ಲ ಅಂದೆ. ಮರಳಿ ಹೋದಾಗ ಕನ್ನಡಕ ಇಳಿಸಿ ನೋಡಿದರು, ಅಷ್ಟೇ. ಆ ವಾರವೇ ಅಂಗಡಿಯಲ್ಲಿ ಒಂದು ಕಾರ್ಡ್ ಶುರುವಾಯಿತು. ಯಾವ ವಾದ್ಯ ಬಂದರೂ ಮೊದಲು ಅದರ ಪ್ರತಿ ಸ್ವರ ಹೇಗಿದೆಯೋ ಹಾಗೆ ಬರೆಯಬೇಕು, ಆಮೇಲೆಯೇ ಕೈ ಹಾಕಬೇಕು. ಪಿಯಾನೊದಲ್ಲಿ ಬೆರಳು ಒತ್ತುವ ಮನೆಗಳು ಎಂಬತ್ತೆಂಟು, ಎಂಬತ್ತೆಂಟು ಅಂಕೆ. ಕಿರಿಕಿರಿಯೋ ಕಿರಿಕಿರಿ. ಆದರೂ ಇಪ್ಪತ್ತು ವರ್ಷ ಬರೆದೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ನಾನು ಕಲಿತದ್ದು ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು, ಹಲ್ಲಿಗೆ ಒತ್ತಿ ಹಿಡಿದು ಕೇಳುವುದನ್ನು. ಎರಡು ಸ್ವರ ಒಟ್ಟಿಗೆ ಬಿಟ್ಟಾಗ ಅವು ಒಂದಕ್ಕೊಂದು ಜಗಳವಾಡಿ ಅಲೆಯಂತೆ ಏಳುತ್ತವಲ್ಲ, ಆ ಅಲೆ ಎಣಿಸುವುದೇ ನಮ್ಮ ವಿದ್ಯೆ. ಮೊದಲು ಸ್ವರ ಅಳೆಯುವ ಮುಳ್ಳಿನ ಯಂತ್ರ ಬಂತು, ಆಮೇಲೆ ಫೋನಿನಲ್ಲಿ ಆ್ಯಪ್ ಬಂತು. ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ನನ್ನಂಥ ಪುಕ್ಕಲನಿಗೆ ಅದು ದೇವರು ಕಳಿಸಿದ ಹಾಗೆ ಇತ್ತು. ನಾನು ಮಾಡಿದ್ದು ಸರಿಯಾ ಎಂಬ ಪ್ರಶ್ನೆಗೆ ಇಷ್ಟು ವರ್ಷದಲ್ಲಿ ಯಾರೂ ಹಸಿರು ದೀಪ ತೋರಿಸಿರಲಿಲ್ಲ. ನಿಧಾನಕ್ಕೆ ಕಾರ್ಡ್ ಬರೆಯುವುದು ಬಿಟ್ಟೆ. ಹಸಿರು ಬಂದ ಮೇಲೆ ಹಿಂದೆ ಹೇಗಿತ್ತು ಎಂದು ಯಾರಿಗೆ ಬೇಕು ಹೇಳಿ?

ಹಾಗೆ ಬಿಟ್ಟ ಮೇಲೆ ಬಂದದ್ದು ತೆಸ್ಫಾಯೆ ಮಾಸ್ಟರ್ ಅವರ ಪೆಟ್ಟಿಗೆ.

ತೆಸ್ಫಾಯೆ ಇಥಿಯೋಪಿಯಾದವರು, ಆಗಲೇ ಎಂಬತ್ತು ದಾಟಿದ್ದರು. ಅವರ ಬಗ್ಗೆ ನನಗೆ ಆಗ ಏನೂ ಗೊತ್ತಿರಲಿಲ್ಲ. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹರೆಯದಲ್ಲಿ ಹೊರದೇಶಕ್ಕೆ ಹೋಗಿ ಜಾಝ್ ಕಲಿತು, ಅಡಿಸ್ ಅಬಾಬಾಕ್ಕೆ ಮರಳಿದವರು. ನಮ್ಮ ಮೋಹನ ರಾಗದ ಹಾಗೆ ಅವರಲ್ಲಿಯೂ ಐದೈದು ಸ್ವರಗಳ ಹಳೆಯ ಧಾಟಿಗಳುಂಟು. ಆ ಧಾಟಿಗಳನ್ನು ತುತ್ತೂರಿ, ಸ್ಯಾಕ್ಸೊಫೋನು, ಎಲೆಕ್ಟ್ರಿಕ್ ಪಿಯಾನೊಗಳ ಮಧ್ಯೆ ತಂದು ಕೂರಿಸಿದ ಮೊದಲಿಗರಲ್ಲಿ ಇವರೂ ಒಬ್ಬರು. ಹಳಬರು ಇವನು ಕೆಡಿಸಿದ ಅಂದರು, ಜಾಝ್‌ನವರು ಇವನಿಗೆ ಬರುವುದಿಲ್ಲ ಅಂದರು. ದೇಶದ ಆಡಳಿತ ಬದಲಾದಾಗ ಬ್ಯಾಂಡು ಚದುರಿಹೋಯಿತು, ಇವರು ಶಾಲೆಯೊಂದರಲ್ಲಿ ಪಾಠ ಹೇಳಿಕೊಂಡು ಉಳಿದರು. ಎಷ್ಟೋ ವರ್ಷಗಳ ಮೇಲೆ ಯಾರೋ ಹಳೆಯ ರೆಕಾರ್ಡೊಂದನ್ನು ಹುಡುಕಿ ಇಂಟರ್‌ನೆಟ್ಟಿಗೆ ಹಾಕಿದರು. ಆಮೇಲೆ ನೋಡಿದರೆ ಊರೂರಿನ ಹುಡುಗರು ಅವರನ್ನು ನುಡಿಸುತ್ತಿದ್ದಾರೆ.

ಆ ಹುಡುಗರಲ್ಲಿ ಒಬ್ಬಳು ನಮ್ಮ ಕ್ವಾಲಾಲಂಪುರದ ಸುರಯಾ. ಇಪ್ಪತ್ತೆಂಟರ ಮಲಯ್ ಹುಡುಗಿ. ಗಂಬುಸ್ ನುಡಿಸುತ್ತಾಳೆ, ಬೇರೆಯವರಿಗೆ ಕಲಿಸುತ್ತಾಳೆ. ಗಂಬುಸ್ ಅಂದರೆ ವೀಣೆಯ ಚಿಕ್ಕ ತಂಗಿ ಅನ್ನಿ, ಆದರೆ ಮೆಟ್ಟಿಲಿಲ್ಲ; ಬೆರಳು ಎಲ್ಲಿಟ್ಟರೆ ಅಲ್ಲಿ ಸ್ವರ. ಮಾಸ್ಟರನ್ನು ಇಲ್ಲಿಗೆ ಕರೆಸಿದವಳೇ ಅವಳು. ಕಛೇರಿ ಭಾನುವಾರ ಸಂಜೆ ನಾಲ್ಕಕ್ಕೆ. ಪೆಟ್ಟಿಗೆ ವಿಮಾನದಲ್ಲಿ ಮೊದಲೇ ಬಂತು. ಬುಧವಾರ ಅದನ್ನು ವ್ಯಾನಿನಲ್ಲಿ ಅಂಗಡಿಗೆ ತಂದಳು.

"ಅಂಕಲ್, ದಾರಿಯಲ್ಲಿ ಏನಾದರೂ ಮುರಿದಿದೆಯಾ ನೋಡಿ ಸಾಕು. ಬೇರೇನೂ ಬೇಡ ಲಾ."

ಸಾಕು ಅಂದಿದ್ದಳು. ಬೇರೇನೂ ಬೇಡ ಅಂದಿದ್ದಳು, ಇಲ್ಲಿನವರ ಮಾತಿನ ಬಾಲದ ಆ ‘ಲಾ’ ಸೇರಿಸಿ. ನಾನು ಕೇಳಿಸಿಕೊಂಡೆ ಕೂಡ.

ಅದೊಂದು ಹಳೆಯ ಎಲೆಕ್ಟ್ರಿಕ್ ಪಿಯಾನೊ. ತಂತಿ ಇರುವುದಿಲ್ಲ, ಒಳಗೆ ಸಾಲಾಗಿ ಉಕ್ಕಿನ ರೀಡುಗಳು. ಪ್ರತಿ ರೀಡಿನ ತುದಿಯಲ್ಲಿ ಬೆಸುಗೆ ಸೀಸದ ಒಂದು ಹನಿ. ಆ ಹನಿಯನ್ನು ಅರದಿಂದ ಉಜ್ಜಿ ಸಣ್ಣದು ಮಾಡಿದರೆ ಸ್ವರ ಏರುತ್ತದೆ, ಸೀಸ ಸೇರಿಸಿದರೆ ಇಳಿಯುತ್ತದೆ. ಮುರಿದದ್ದು ಏನೂ ಇರಲಿಲ್ಲ. ಸುಮ್ಮನೆ ಫೋನು ಹಿಡಿದು ಒಂದೊಂದೇ ಮನೆ ಒತ್ತಿ ನೋಡಿದೆ. ಹನ್ನೊಂದು ಕೆಂಪು.

ಈ ಕಡೆ ಗಮನ ಕೊಡಿ, ಕಲಿಯಲಿಕ್ಕೆ ಬಂದವರೇ. ಹನ್ನೊಂದರಲ್ಲಿ ಒಂಬತ್ತಕ್ಕೆ ಒಂದು ಲೆಕ್ಕ ಇತ್ತು. ಮೂರೇ ಸ್ವರಗಳು, ಮೂರು ಸ್ಥಾಯಿಯಲ್ಲೂ ಒಂದೇ ಅಳತೆಗೆ ಇಳಿದಿದ್ದವು. ಮುಪ್ಪಿನಿಂದ ಕೆಟ್ಟ ವಾದ್ಯ ಹೀಗೆ ಅಚ್ಚುಕಟ್ಟಾಗಿ ಕೆಡುವುದಿಲ್ಲ. ಮೇಲಿನ ಎರಡು ಮಾತ್ರ ಒಂಟಿ, ಅವಕ್ಕೆ ಜೋಡಿ ಇರಲಿಲ್ಲ. ನಾನು ಇದನ್ನು ಗಮನಿಸಿದೆ. ವಿಚಿತ್ರ ಅಂತಲೂ ಅನ್ನಿಸಿತು. ಆದರೆ ದೊಡ್ಡ ಕಲಾವಿದರು, ಕೆಂಪು ಸ್ವರ ಬಿಟ್ಟು ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು ಎಂಬ ಹೆದರಿಕೆ ಮೇಲೆ ಬಂತು. ಅರ ತೆಗೆದುಕೊಂಡೆ. ಮಧ್ಯಾಹ್ನದೊಳಗೆ ಹನ್ನೊಂದೂ ಹಸಿರು. ಸೀಸದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಸಕ್ಕೆ ಎಸೆದೆ. ಕಾರ್ಡ್ ಬರೆದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅಂಗಡಿಯ ಎದುರಿನ ಮಾಮಕ್ ಹೋಟೆಲಿನಲ್ಲಿ ಇಮ್ತಿಯಾಜ್ ಸಿಕ್ಕಿದ. ವಿಜಯಪುರದವನು, ಆ ಕಛೇರಿಗೆ ಮೈಕು ಸೌಂಡು ನೋಡಿಕೊಳ್ಳುವವನು ಅವನೇ. ರೊಟ್ಟಿ ಚನಾಯ್ ಮುರಿಯುತ್ತ ಫೋನು ನನ್ನ ಕಿವಿಯ ಹತ್ತಿರ ಹಿಡಿದ.

"ಇದನ್ನ ಕೇಳ್ರಿಲ್ಲೆ ವಿಕ್ಟರಣ್ಣ. ಮುದುಕಂದು ಹಳೇ ರೆಕಾರ್ಡು. ಏನ್ ನುಡಿಸ್ಯಾನ್ರೀ, ಎದಿ ಹಿಂಡತೈತಿ."

ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟು ವರ್ಷ ಗಿರಾಕಿಗಳ ವಾದ್ಯ ಬಿಚ್ಚಿದ್ದೇನೆ, ಅವರು ನುಡಿಸುವುದನ್ನು ಕೂತು ಕೇಳಿದ್ದು ಕಡಿಮೆ. ಅಂದು ಕೇಳಿದೆ. ಎರಡನೇ ಸಾಲಿನಲ್ಲಿ ಒಂದು ಸ್ವರ ಬಂತು, ನಾವು ನಿರೀಕ್ಷಿಸುವ ಜಾಗಕ್ಕಿಂತ ಒಂದು ಕೂದಲೆಳೆ ಕೆಳಗೆ. ಮತ್ತೆ ಅದೇ, ಕೆಳಗಿನ ಸ್ಥಾಯಿಯಲ್ಲಿ. ಆ ಇಳಿದ ಸ್ವರದಲ್ಲೇ ಇಡೀ ಹಾಡಿನ ದುಃಖ ಇತ್ತು. ಅಯ್ಯೋ ದೇವರೇ, ಅದು ಕೆಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು.

"ಮಾರಿ ಯಾಕ ಹಿಂಗ್ ಮಾಡೀರಿ?" ಅಂದ ಇಮ್ತಿಯಾಜ್. ಹೇಳಿದೆ. ಅವನು ರೊಟ್ಟಿ ತಟ್ಟೆಗೆ ಇಟ್ಟ. "ಸುಮ್ನ ಕೂಡ್ರಿ" ಅಂದ. "ಕೇಳಿದ್ರ ವಿಮಾನದಾಗ ಹಾಳಾಗಿರಬೇಕು ಅಂತ ಹೇಳೂಣು. ನಿಮಗ ರಿಟೈರ್ ಆಗಾಕ ಎಷ್ಟ ದಿನ ಉಳಿದಾವ ಹೇಳ್ರಿ. ಈಗ್ಯಾಕ ಮೈಮ್ಯಾಲ ಎಳಕೋತೀರಿ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದು ಅದೇ ಗತಿ. ನಿಜ ಹೇಳುತ್ತೇನೆ, ಅವನ ಮಾತು ನನಗೆ ಬಹಳ ಹಿತವಾಗಿ ಕೇಳಿಸಿತು. ಆ್ಯಪ್ ನನ್ನ ಕಡೆಗೆ ಸಾಕ್ಷಿ. ಯಾರು ಬೇಕಾದರೂ ನೋಡಲಿ, ಹನ್ನೊಂದೂ ಹಸಿರು. ಅಂಗಡಿಗೆ ಹೋಗಿ ಮೇಡಂ ಚುವಾ ಎದುರು ನಿಂತಾಗ ಮಾತ್ರ ಬಾಯಿ ತಾನಾಗಿ ಬಿಚ್ಚಿತು. ಅವರು ಕನ್ನಡಕ ಕೆಳಗಿಳಿಸಿ ನೋಡಿದರು.

"ಕಾರ್ಡ್?"

"ಬರೆದಿಲ್ಲ ಮೇಡಂ."

"ಹ್ಮ್." ನನ್ನ ಮೊದಲ ವರ್ಷದ ಅದೇ ನೋಟ. "ಆತ ಮನೆ ಒತ್ತಿದ ಕೂಡಲೇ ತಿಳಿಯುತ್ತದೆ. ಅದಕ್ಕಿಂತ ಮೊದಲು ನಿನ್ನ ಬಾಯಿಂದ ತಿಳಿಯಲಿ. ನಾನು ಬರುವುದಿಲ್ಲ. ನೀನೇ ಹೋಗು ಲಾ."

ಮಾಡಿದ್ದುಣ್ಣೋ ಮಹಾರಾಯ. ಮಾಸ್ಟರ್ ಇಳಿದುಕೊಂಡಿದ್ದು ಬ್ರಿಕ್‌ಫೀಲ್ಡ್ಸ್‌ನ ಒಂದು ಸಣ್ಣ ಹೋಟೆಲು. ಕೆಳಗೆ ಮಲ್ಲಿಗೆ ಮಾಲೆ, ಸೀರೆ ಅಂಗಡಿಗಳ ಗದ್ದಲ. ಮೆಟ್ಟಿಲು ಹತ್ತುವಾಗ ಎರಡು ಸಲ ಹಿಂದೆ ತಿರುಗಿದೆ. ಬಾಗಿಲು ತೆಗೆದವರು ಉದ್ದನೆಯ ಸಪೂರ ಮನುಷ್ಯ, ಎರಡೂ ಕಿವಿಯಲ್ಲಿ ಕಿವುಡಿನ ಯಂತ್ರ. ಕುರ್ಚಿ ತೋರಿಸಿದರು. ನಾನು ಕೂರುವ ಮೊದಲೇ ಎಲ್ಲ ಹೇಳಿದೆ. ಎರಡು ಸಲ ಜೋರಾಗಿ ಹೇಳಬೇಕಾಯಿತು, ಅದು ಇನ್ನೊಂದು ಶಿಕ್ಷೆ.

ಅವರು ಒಂದು ಕಿವಿಯ ಯಂತ್ರ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

"ನೀನು ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ," ಅಂದರು. "ಈ ಕಿವಿಗಳಿಗೆ ಅಷ್ಟು ಸಣ್ಣ ವ್ಯತ್ಯಾಸ ಈಗ ಸಿಗುವುದಿಲ್ಲ. ಮೇಲಿನ ಸ್ವರಗಳಂತೂ ಬರೀ ಟಕ್ ಟಕ್. ಕಿವಿ ಚೆನ್ನಾಗಿದ್ದಾಗ ಒಂದೊಂದನ್ನೇ ಕೂರಿಸಿ ಇಟ್ಟಿದ್ದೆ. ನಾನು ಮರೆತರೂ ಪೆಟ್ಟಿಗೆ ಮರೆಯುವುದಿಲ್ಲ ಎಂದು ಧೈರ್ಯವಾಗಿದ್ದೆ."

ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಸುಮ್ಮನಿದ್ದಿದ್ದರೆ ಆ ಮುದುಕರು ಖುಷಿಯಲ್ಲಿ ನುಡಿಸಿ ಊರಿಗೆ ಹೋಗುತ್ತಿದ್ದರು. ನಾನು ಸತ್ಯ ಹೇಳಿ ಅವರ ಎರಡು ದಿನ ಹಾಳು ಮಾಡಿದೆ.

"ಈ ಪೆಟ್ಟಿಗೆ ನನ್ನ ಮನೆ ಬಿಟ್ಟು ಹೊರಟದ್ದು ಇದೇ ಮೊದಲು," ಅಂದರು. "ಹೊರದೇಶದಲ್ಲಿ ಅವರು ಕೊಟ್ಟ ಪಿಯಾನೊದಲ್ಲೇ ನುಡಿಸಿದ್ದೇನೆ. ಈಗಿನ ಮಕ್ಕಳು ನನ್ನ ಹಾಡು ನುಡಿಸುತ್ತಾರೆ, ಸ್ವರ ಮಾತ್ರ ಆ ಪಿಯಾನೊಗಳದ್ದು. ಒಮ್ಮೆಯಾದರೂ ಅವರಿಗೆ ನನ್ನ ಸ್ವರ ಕೇಳಿಸಬೇಕು ಅಂತ ಇದನ್ನು ತಂದೆ." ಆಮೇಲೆ ಎದ್ದು ಕೋಟು ಹಾಕಿಕೊಂಡರು. "ಸುರಯಾಗೆ ಈಗ ಹೇಳಬೇಡ. ಅವಳಿಗೆ ಬೇರೆ ತಲೆಬಿಸಿ ಸಾಕಷ್ಟಿದೆ. ನಡಿ, ನಿನ್ನ ಅಂಗಡಿಗೆ ಹೋಗೋಣ."

ಶುಕ್ರವಾರ ಮಧ್ಯಾಹ್ನ, ಶನಿವಾರ ಇಡೀ ದಿನ. ಫೋನು ಆಫ್ ಮಾಡಿ ಡ್ರಾಯರಿಗೆ ಹಾಕಿದೆ. ಇಮ್ತಿಯಾಜ್ ಹಳೇ ರೆಕಾರ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ, ಅದೇ ಸಾಲನ್ನು ನೂರು ಸಲ ಹಿಂದೆ ಮುಂದೆ ಓಡಿಸಿದ. "ಇನ್ನೊಮ್ಮಿ ಹಾಕ್ಲೇನ್ರಿ?" ಎಂದು ಕೇಳಿದ್ದು ಬಿಟ್ಟರೆ ಮಾತಿಲ್ಲ. ಕಾದ ಕಬ್ಬಿಣದಲ್ಲಿ ಒಂದು ತೊಟ್ಟು ಸೀಸ ಇಡುವುದು, ತಣಿಯಲು ಬಿಡುವುದು, ಕೇಳುವುದು, ಅರದಿಂದ ಒಂದೇ ಒಂದು ಎಳೆ, ಮತ್ತೆ ಕೇಳುವುದು. ಮಾಸ್ಟರ್ ಪಕ್ಕದಲ್ಲಿ ಕೂತು ಸಣ್ಣಗೆ ಹಾಡುತ್ತಿದ್ದರು. ಅವರ ಕಿವಿ ಹೋಗಿತ್ತು, ಗಂಟಲಿಗೆ ಇನ್ನೂ ನೆನಪಿತ್ತು. ರೆಕಾರ್ಡಿನ ಸ್ವರ ಮತ್ತು ಅವರ ಗಂಟಲಿನ ಸ್ವರ ಒಂದೇ ಜಾಗದಲ್ಲಿ ನಿಂತಾಗ ನನಗೆ ಅಳು ಬಂತು. ಶನಿವಾರ ಊಟದ ಹೊತ್ತಿಗೆ ಒಂಬತ್ತು ರೀಡುಗಳು ಮರಳಿದ್ದವು. ಮೇಡಂ ಚುವಾ ಎಲ್ಲರಿಗೂ ಅನ್ನ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದು ಇಟ್ಟು ಹೋದರು.

ಉಳಿದದ್ದು ಮೇಲಿನ ಆ ಎರಡು ಒಂಟಿ ಸ್ವರಗಳು. ಅವು ರೆಕಾರ್ಡಿನಲ್ಲಿ ಇರಲೇ ಇಲ್ಲ. ಬ್ಯಾಂಡು ಚದುರಿದ ಮೇಲೆ, ಮನೆಯಲ್ಲಿ ಒಬ್ಬರೇ ಕೂತು ಕಟ್ಟಿದ ಒಂದು ಹಾಡಿಗಾಗಿ ಅವನ್ನು ಕೂರಿಸಿದ್ದರಂತೆ. ಆ ಹಾಡನ್ನು ಅವರು ಯಾರಿಗೂ ರೆಕಾರ್ಡ್ ಮಾಡಲು ಬಿಟ್ಟಿರಲಿಲ್ಲ. ಅಷ್ಟು ಮೇಲೆ ಅವರ ಗಂಟಲು ಹೋಗುತ್ತಿರಲಿಲ್ಲ. ಕೆಳಗಿನ ಸ್ಥಾಯಿಯಲ್ಲಿ ಹಾಡಿ ತೋರಿಸಿದರು, ಒಂದೊಂದು ಸಲ ಒಂದೊಂದು ಕಡೆ ನಿಂತಿತು. ಹತ್ತು ಸಲ ಹಾಡಿದರು. ಹನ್ನೊಂದನೆಯ ಸಲ ಕೆಮ್ಮು ಬಂತು. ನಾನು ಆ ಹತ್ತರ ನಡುವೆ ಎಲ್ಲೋ ಒಂದು ಕಡೆ, ನನಗೆ ಸರಿ ಅನ್ನಿಸಿದಲ್ಲಿ, ನಿಲ್ಲಿಸಿದೆ.

ಭಾನುವಾರ ಹಾಲ್ ತುಂಬಿತ್ತು. ನಾನು ಪಕ್ಕದ ಪರದೆಯ ಹಿಂದೆ ನಿಂತು ಒಂದೊಂದು ಸ್ವರಕ್ಕೂ ಹಲ್ಲು ಕಚ್ಚಿದೆ. ಆ ಇಳಿದ ಮೂರು ಸ್ವರಗಳು ಮೊದಲ ಸಲ ಬಂದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಸ್ತಬ್ಧರಾದರು. ಪಕ್ಕದಲ್ಲಿ ಗಂಬುಸ್ ಹಿಡಿದ ಸುರಯಾ ಬೆರಳನ್ನು ಒಂದು ಕೂದಲೆಳೆ ಹಿಂದಕ್ಕೆ ಸರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಕೊನೆಗೆ ಮಾಸ್ಟರ್ ಒಬ್ಬರೇ ಆ ರೆಕಾರ್ಡಾಗದ ಹಾಡು ನುಡಿಸಿದರು. ಹುಡುಗರೆಲ್ಲ ಫೋನು ಎತ್ತಿ ಹಿಡಿದು ತುಂಬಿಕೊಂಡರು.

ಒಳಗೆ ಬಂದವರೇ ನನ್ನ ತೋಳು ಹಿಡಿದು ಕೇಳಿದರು: "ಸರಿ ಇತ್ತಾ?"

ಅವರಿಗೆ ಆ ವ್ಯತ್ಯಾಸ ಕೇಳುವುದಿಲ್ಲ, ನಾನು ಏನು ಹೇಳಿದರೂ ನಡೆಯುತ್ತಿತ್ತು. "ಒಂಬತ್ತು ಸರಿ ಇತ್ತು ಮಾಸ್ಟರ್," ಅಂದೆ. "ಮೇಲಿನ ಎರಡು ಸರಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ."

ಅವರು ನಿಧಾನಕ್ಕೆ ತಲೆಯಾಡಿಸಿದರು. ಕೋಪ ಇರಲಿಲ್ಲ. "ಆ ಎರಡನ್ನು ಕೇಳಿಸಲೆಂದೇ ನಾನು ಇಷ್ಟು ದೂರ ಬಂದದ್ದು," ಅಂದರು. ಆಮೇಲೆ ಚಹಾ ಕೇಳಿದರು.

ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಸುರಯಾಗೆ ಕಛೇರಿ ಮುಗಿದ ಮೇಲೆ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಅಂದುಕೊಂಡೇ ನಿವೃತ್ತನಾದೆ. ಇದು ನನ್ನ ಇನ್ನೊಂದು ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಕಳೆದ ತಿಂಗಳು ಅವಳೇ ಗಂಬುಸ್ ಹೊತ್ತುಕೊಂಡು ಮನೆಗೆ ಬಂದಳು. ಆ ಕೊನೆಯ ಹಾಡನ್ನು ರೆಕಾರ್ಡ್ ಮಾಡುತ್ತಿದ್ದಾಳಂತೆ. "ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರು ನೀವು. ಅವರ ಸ್ವರ ಗೊತ್ತಿರುವವರು ಈಗ ನೀವೊಬ್ಬರೇ ಅಂಕಲ್. ನನ್ನದು ಸರಿ ಇದೆಯಾ ಕೇಳಿ ಹೇಳಿ."

ನುಡಿಸಿದಳು. ಎಲ್ಲ ಸರಿ ಇತ್ತು. ಆ ಎರಡು ಸ್ವರಗಳು ಬಂದಾಗ ಬೆರಳು ತಪ್ಪದೆ, ನಾನು ಇಟ್ಟ ಜಾಗದಲ್ಲೇ ನಿಂತವು. ಅಂದು ಫೋನುಗಳಲ್ಲಿ ತುಂಬಿಕೊಂಡದ್ದನ್ನು ಕೇಳಿ ಕೇಳಿ ಅವಳು ನನ್ನನ್ನು ಕಲಿತಿದ್ದಳು. ಹದಿನಾಲ್ಕು ಜನ ಶಿಷ್ಯರಿಗೂ ಅದನ್ನೇ ಕಲಿಸಿದ್ದಳು. ಲೀನಾ ಅಡುಗೆಮನೆಯಿಂದ ಹಣಕಿ ನನ್ನ ಮುಖ ನೋಡಿ ಹಾಗೇ ನಿಂತಳು.

"ಆ ಎರಡು ಅವರದ್ದಲ್ಲ ಮಗಾ, ನನ್ನದು," ಅಂದೆ. ಬುಧವಾರದಿಂದ ಭಾನುವಾರದವರೆಗೆ ಆದದ್ದೆಲ್ಲ ಹೇಳಿದೆ.

ಅವಳು ಗಂಬುಸನ್ನು ಮಡಿಲಿನಿಂದ ಕೆಳಗಿಟ್ಟಳು. "ಹಾಗಾದರೆ ಅವರದ್ದು ಎಲ್ಲಿ ಹೋಯಿತು?"

"ನಾನು ಒರೆಸಿ ಕಸಕ್ಕೆ ಎಸೆದ ಪುಡಿಯಲ್ಲಿ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಗಂಬುಸ್ ಎತ್ತಿಕೊಂಡು ಹಾಡನ್ನು ಮೊದಲಿನಿಂದ ನುಡಿಸಿದಳು. ಆ ಜಾಗ ಬಂದಾಗ ಬೆರಳು ತಂತಿಯಿಂದ ಎತ್ತಿದಳು. ಎರಡು ಕಡೆ ಹಾಡು ನಿಂತು, ಆಮೇಲೆ ಮುಂದೆ ಹೋಯಿತು. ರೆಕಾರ್ಡ್ ಮಾಡಿದ್ದೂ ಹಾಗೆಯೇ. ಅಲ್ಲೇನೋ ಬಿಟ್ಟುಹೋಗಿದೆ ಎಂದು ಕೇಳಿದವರು ಅವಳಿಗೆ ಬರೆಯುತ್ತಾರಂತೆ, ಹೌದು ಎಂದು ಅವಳು ಉತ್ತರ ಕೊಡುತ್ತಾಳಂತೆ.